ಲೆನ್ಸಿನ ಬಾಯಗಲ

ಹಕ್ಕಿ, ಪ್ರಾಣಿಗಳ ಫೋಟೋ ತೆಗೆಯುವ ಹುಚ್ಚು ಹತ್ತಿದವರು ಎಲ್ಲಿ ಸೇರಿದರೂ ಮೊದಲು ಕೇಳುವ ಮಾತು ಒಂದೇ: “ನಿಮ್ಮದು ಎಷ್ಟು ಎಂ.ಎಂ.?” ಸಫಾರಿ ಜೀಪು ಹೊರಡುವ ಮುಂಚೆ, ಕೆರೆ ಏರಿಯ ಮೇಲೆ, ಕ್ಯಾಮೆರಾ ಅಂಗಡಿಯಲ್ಲಿ, ಎಲ್ಲೆಡೆ ಇದೇ ಪ್ರಶ್ನೆ. 300 ಎನ್ನುವವರ ದನಿಯಲ್ಲಿ ತುಸು ಸಂಕೋಚ, 600 ಎನ್ನುವವರ ದನಿಯಲ್ಲಿ ನೆಮ್ಮದಿ. ಸಂಬಳದಲ್ಲಿ ತಿಂಗಳು ತಿಂಗಳು ಉಳಿಸಿ ಮೊದಲ ಟೆಲಿಫೋಟೋ ಲೆನ್ಸ್ ಕೊಳ್ಳಲು ಹೊರಟವರ ಲೆಕ್ಕಾಚಾರವೂ ಈ ಒಂದು ಸಂಖ್ಯೆಯ ಸುತ್ತಲೇ ಸುತ್ತುತ್ತದೆ. ಇಷ್ಟು ದುಡ್ಡಿಗೆ ಎಷ್ಟು ಉದ್ದದ ಲೆನ್ಸ್ ಬರುತ್ತದೆ ಎಂದು ಅವರು ಹುಡುಕುತ್ತಾರೆ. ಈ ಲೆಕ್ಕ ಹಿಡಿದು ಹೊರಟರೆ ದುಡ್ಡು ತಪ್ಪು ಜಾಗಕ್ಕೆ ಬೀಳುತ್ತದೆ ಎಂಬುದು ನನ್ನ ವಾದ. ನೋಡಬೇಕಾದದ್ದು ಲೆನ್ಸಿನ ಬಾಯಗಲವನ್ನು, ಅದರ ತೂಕವನ್ನು, ನಾವು ಪದೇ ಪದೇ ಹೋಗುವ ಜಾಗವನ್ನು. ಉದ್ದದ ಮಾತು ಇವೆಲ್ಲ ತೀರ್ಮಾನವಾದ ಮೇಲೆ.

ಬಾಯಗಲವನ್ನು ತಿಳಿಯುವುದು ಸುಲಭ. ಪ್ರತಿ ಲೆನ್ಸಿನ ಮೇಲೂ ಎರಡು ಸಂಖ್ಯೆಗಳಿರುತ್ತವೆ. ಒಂದು, ಮಿಲಿಮೀಟರಿನಲ್ಲಿ ಬರೆದ ಫೋಕಲ್ ಲೆಂತ್. ಇನ್ನೊಂದು ಎಫ್ ಸಂಖ್ಯೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬೆಳಕು ಒಳಗೆ ಹೋಗುವ ದಾರಿಯ ಅಗಲ ಸಿಗುತ್ತದೆ. ದೊಡ್ಡ ಫೋಟೋಗ್ರಾಫರುಗಳ ಕೈಯಲ್ಲಿ ಕಾಣುವ 600 ಎಂ.ಎಂ. ಎಫ್/4 ಲೆನ್ಸಿಗೆ ಇದು 150 ಮಿ.ಮೀ. ಎಫ್/6.3 ಇರುವ 600ಕ್ಕೆ ಸುಮಾರು 95. ಹಳೆಯ 300 ಎಫ್/4ಕ್ಕೆ 75, 400 ಎಫ್/5.6ಕ್ಕೆ 71. ಹಕ್ಕಿಯ ಮೈಮೇಲೆ ಬಿದ್ದು ನಮ್ಮತ್ತ ಚದುರಿ ಬರುವ ಬೆಳಕಿನಲ್ಲಿ ಎಷ್ಟು ಪಾಲು ನಮಗೆ ಸಿಗುತ್ತದೆ ಎಂಬುದು ಈ ಅಗಲದ ಮೇಲೆಯೇ ನಿಂತಿದೆ. ಮಳೆಗೆ ಅಂಗಳದಲ್ಲಿ ಇಟ್ಟ ಪಾತ್ರೆ ಹಿಡಿಯುವ ನೀರು ಅದರ ಬಾಯಿ ಎಷ್ಟು ಅಗಲ ಎಂಬುದರ ಮೇಲೆ ಹೋಗುತ್ತದೆ, ಎತ್ತರದ ಮೇಲೆ ಹೋಗುವುದಿಲ್ಲ. ಲೆನ್ಸಿನ ವಿಷಯವೂ ಹಾಗೆಯೇ. ಉದ್ದ ಮಾಡುವ ಕೆಲಸ, ಹಿಡಿದ ಬೆಳಕನ್ನು ಸೆನ್ಸರಿನ ಮೇಲೆ ಎಷ್ಟು ಅಗಲಕ್ಕೆ ಹರಡಬೇಕು ಎಂಬುದಷ್ಟೆ. ಕಡಿಮೆ ಬೆಳಕನ್ನು ಹೆಚ್ಚು ಹರಡಿದರೆ ಹಕ್ಕಿ ದೊಡ್ಡದಾಗಿ ಕಾಣುತ್ತದೆ, ಆದರೆ ಅದರ ಗರಿಯ ವಿವರ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ಇದಕ್ಕೆ ಕಣ್ಣೆದುರಿನ ಉದಾಹರಣೆ ನಿಕಾನ್ ಕಂಪನಿ 2018ರಲ್ಲಿ ತಂದ ಪಿ1000 ಕ್ಯಾಮೆರಾ. 125 ಪಟ್ಟು ಜೂಮ್, 3000 ಎಂ.ಎಂ.ಗೆ ಸಮ ಎಂಬುದು ಅದರ ಹೆಗ್ಗಳಿಕೆ. ಆದರೆ ಅದರ ಲೆನ್ಸಿನ ನಿಜವಾದ ಫೋಕಲ್ ಲೆಂತ್ ತುದಿಯಲ್ಲಿ 539 ಎಂ.ಎಂ., ಎಫ್ ಸಂಖ್ಯೆ 8. ಭಾಗಿಸಿದರೆ 67 ಮಿ.ಮೀ. ಅಂದರೆ ಮೂರು ಸಾವಿರದ ಹೆಸರು ಹೊತ್ತ ಈ ಕ್ಯಾಮೆರಾ ಹಕ್ಕಿಯಿಂದ ಹಿಡಿಯುವ ಬೆಳಕು, ಹಳೆಯ 400 ಎಫ್/5.6 ಹಿಡಿಯುವುದಕ್ಕಿಂತ ತುಸು ಕಡಿಮೆಯೇ. ಕ್ಯಾಮೆರಾ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ದೂರದ ಹಕ್ಕಿ ಯಾವುದೆಂದು ಗುರುತಿಸಲು, ಚಂದ್ರನ ಕುಳಿಗಳನ್ನು ಮಕ್ಕಳಿಗೆ ತೋರಿಸಲು ಅದು ಒಳ್ಳೆಯ ಸಾಧನ. ಆದರೆ 3000 ಎಂಬ ಸಂಖ್ಯೆ ನೋಡಿ, 600ರ ಲೆನ್ಸಿಗಿಂತ ಇದು ಐದು ಪಟ್ಟು ಮೇಲು ಎಂದುಕೊಂಡು ಕೊಂಡವರು, ಮಬ್ಬು ಬೆಳಗಿನಲ್ಲಿ ಪೊದೆಯೊಳಗಿನ ಹಕ್ಕಿಯ ಚಿತ್ರ ನೋಡಿದಾಗ ನಿರಾಶರಾಗುತ್ತಾರೆ.

ದುಡ್ಡು ಹೋಗುವುದೂ ಈ ಅಗಲಕ್ಕೇ. ಬಾಯಗಲ ಎರಡು ಪಟ್ಟಾದರೆ ಗಾಜಿನ ವಿಸ್ತಾರ ನಾಲ್ಕು ಪಟ್ಟಾಗುತ್ತದೆ, ಗಾಜಿನ ದಪ್ಪವೂ ಏರುವುದರಿಂದ ಅದರ ತೂಕ ಇನ್ನೂ ಹೆಚ್ಚುತ್ತದೆ. ಬಣ್ಣ ಚದುರದಂತೆ ತಡೆಯುವ ವಿಶೇಷ ಗಾಜನ್ನು ಅಷ್ಟು ದೊಡ್ಡದಾಗಿ, ಕಲೆಯಿಲ್ಲದೆ ಎರಕ ಹೊಯ್ದು ಉಜ್ಜುವುದು ಸುಲಭದ ಕೆಲಸವಲ್ಲ. ಹಾಗಾಗಿಯೇ 150 ಮಿ.ಮೀ. ಬಾಯಗಲದ 600 ಎಫ್/4 ಹೊಸದು ಹತ್ತು ಲಕ್ಷ ರೂಪಾಯಿಗೂ ಮೇಲೆ. ಅಗಲದ ಗಾಜು ಅಗ್ಗವಾದ ಕತೆಯಲ್ಲಿ 2013ರ ಕೊನೆ ಮುಖ್ಯವಾದ ತಿರುವು. ಆಗ ಟ್ಯಾಮ್ರಾನ್ ಕಂಪನಿ 150-600 ಎಫ್/5-6.3 ಲೆನ್ಸನ್ನು ಘೋಷಿಸಿತು. ಮರುವರ್ಷ ಸಿಗ್ಮಾ ತನ್ನ 150-600 ಲೆನ್ಸುಗಳನ್ನು ಪ್ರಕಟಿಸಿತು. 2015ರಲ್ಲಿ ನಿಕಾನ್ 200-500 ಎಫ್/5.6 ಬಂತು, 2019ರಲ್ಲಿ ಸೋನಿಯ 200-600, 2023ರಲ್ಲಿ ನಿಕಾನಿನ 180-600. ಇವೆಲ್ಲದರ ಬಾಯಗಲ 89ರಿಂದ 95 ಮಿ.ಮೀ. ಒಳಗೆ. ಇವುಗಳಲ್ಲಿ ಕೆಲವು ಲಕ್ಷದ ಆಸುಪಾಸಿನಲ್ಲಿ, ಕೆಲವು ಅದಕ್ಕಿಂತ ಮೇಲೆ. ಹತ್ತು ಲಕ್ಷದ ಲೆನ್ಸ್ ಹಿಡಿಯುವ ಬೆಳಕು ಇವು ಹಿಡಿಯುವುದರ ಸುಮಾರು ಎರಡೂವರೆ ಪಟ್ಟು. ಮಧ್ಯಮ ವರ್ಗದ ಕೈಗೆ ಇಷ್ಟು ಅಗಲದ ಗಾಜು ಇಷ್ಟು ಕಡಿಮೆ ದುಡ್ಡಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಆ ಎರಡೂವರೆ ಪಟ್ಟಿಗಾಗಿ ಪರಿತಪಿಸುವವರು ಬಹಳ ಮಂದಿ. ಅವರಿಗೆ ಬೇಕಾಗಿರುವುದು ಬೆಳಕಷ್ಟೇ ಅಲ್ಲ, ಹಿಂಬದಿ ಬೆಣ್ಣೆಯಂತೆ ಕರಗಿದ ಚಿತ್ರ. ಇದನ್ನು ಸ್ವಲ್ಪ ನಿಂತು ನೋಡಬೇಕು. ಹಕ್ಕಿಯ ಮೇಲೆ ಫೋಕಸ್ ಮಾಡಿದಾಗ ಅದರ ಹಿಂದೆ ಬಹುದೂರದಲ್ಲಿರುವ ಒಂದು ಬೆಳಕಿನ ಚುಕ್ಕೆ ಚಿತ್ರದಲ್ಲಿ ದುಂಡು ಬಿಲ್ಲೆಯಾಗಿ ಹರಡುತ್ತದೆ. ಆ ಬಿಲ್ಲೆ ಎಷ್ಟು ದೊಡ್ಡದು? ಹಕ್ಕಿ ಕೂತ ಜಾಗದಲ್ಲಿ ಅಳೆದರೆ ಸರಿಯಾಗಿ ಲೆನ್ಸಿನ ಬಾಯಗಲದಷ್ಟು. 95 ಮಿ.ಮೀ. ಲೆನ್ಸಾದರೆ ಸುಮಾರು ಒಂಬತ್ತೂವರೆ ಸೆಂಟಿಮೀಟರು. ಈಗ 15 ಸೆಂಟಿಮೀಟರಿನ ಗುಬ್ಬಚ್ಚಿಯ ಪಕ್ಕ ಈ ಬಿಲ್ಲೆಯನ್ನು ಇಟ್ಟುಕೊಂಡು ನೋಡಿ. ಹಕ್ಕಿಯ ಅರ್ಧಕ್ಕಿಂತ ದೊಡ್ಡ ಬಿಲ್ಲೆಗಳು ಒಂದರ ಮೇಲೊಂದು ಬಿದ್ದು ಹಿಂದಿನ ಎಲೆ, ಕಡ್ಡಿಗಳೆಲ್ಲ ಕಲಸಿಹೋಗುತ್ತವೆ. ಇನ್ನು ಅದೇ ಬಿಲ್ಲೆಯನ್ನು ಮೂರು ಮೀಟರ್ ಎತ್ತರದ ಆನೆಯ ಪಕ್ಕ ಇಟ್ಟು ನೋಡಿ. ಅದು ಲೆಕ್ಕಕ್ಕೇ ಇಲ್ಲ. ಹತ್ತು ಲಕ್ಷ ಕೊಟ್ಟು ಬಿಲ್ಲೆಯನ್ನು 15 ಸೆಂಟಿಮೀಟರಿಗೆ ಏರಿಸಿದರೂ ಆನೆಯ ಹಿಂದಿನ ಬಿದಿರು ಬಿದಿರಾಗಿಯೇ ಕಾಣುತ್ತದೆ. ಅಂದರೆ ದೊಡ್ಡ ಪ್ರಾಣಿಗಳ ಚಿತ್ರ ತೆಗೆಯುವವರಿಗೆ ಹಿಂಬದಿಯ ಮೃದುತ್ವದ ಆಸೆಯಿಂದ ದುಬಾರಿ ಲೆನ್ಸ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಅದರ ಫಲ ಕಾಣುವುದು ಸಣ್ಣ ಹಕ್ಕಿಗಳಲ್ಲಿ.

ಸಣ್ಣ ಹಕ್ಕಿಗಳಲ್ಲೂ ಇನ್ನೊಂದು ಉಪಾಯವಿದೆ, ಅದಕ್ಕೆ ದುಡ್ಡು ಬೇಡ. ಮೇಲಿನ ಲೆಕ್ಕ ಬಹುದೂರದ ಹಿಂಬದಿಯದು. ಹಿಂಬದಿ ಹತ್ತಿರವಾದಷ್ಟೂ ಬಿಲ್ಲೆ ಕುಗ್ಗುತ್ತದೆ. ಹಕ್ಕಿ ನಮ್ಮಿಂದ ಹತ್ತು ಮೀಟರು, ಅದರ ಹಿಂದಿನ ಪೊದೆ ಹನ್ನೊಂದು ಮೀಟರಿನಲ್ಲಿದ್ದರೆ 95ರ ಬಿಲ್ಲೆ 9 ಮಿ.ಮೀ.ಗೂ ಕೆಳಗಿಳಿಯುತ್ತದೆ, 150ರ ಬಿಲ್ಲೆ 14ಕ್ಕೆ ಇಳಿಯುತ್ತದೆ. ಎರಡರಲ್ಲೂ ಚಿತ್ರ ಗಲೀಜೇ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಹಕ್ಕಿಯ ಹಿಂದೆ ಕೆರೆಯ ಆಚೆ ದಡ ಬರುವಂತೆ ಕೂತರೆ ಅಗ್ಗದ ಲೆನ್ಸೂ ದುಬಾರಿ ಲೆನ್ಸನ್ನು ಮೀರಿಸುತ್ತದೆ. ಮಂಡಿಯೂರಿ ಕೂತು ನೆಲಮಟ್ಟದಿಂದ ತೆಗೆದ ಟಿಟ್ಟಿಭದ ಚಿತ್ರಕ್ಕೂ ನಿಂತು ತೆಗೆದ ಚಿತ್ರಕ್ಕೂ ಇರುವ ಅಂತರದ ಗುಟ್ಟು ಇದೇ. ನಿಂತಾಗ ಹಕ್ಕಿಯ ಹಿಂದೆ ಒಂದೆರಡು ಮೀಟರಿನಲ್ಲೇ ನೆಲ ಬರುತ್ತದೆ. ಕೂತಾಗ ಅರ್ಧ ಫರ್ಲಾಂಗಿನಾಚೆಯ ಗದ್ದೆ ಬರುತ್ತದೆ.

ಬೆಳಕಿನ ಕೊರತೆಯ ವಾದ ಇದಕ್ಕಿಂತ ಗಟ್ಟಿಯಾದದ್ದು. ನಾಗರಹೊಳೆಯಲ್ಲಿ ಬೆಳಗಿನ ಸಫಾರಿಯ ಮೊದಲ ಅರ್ಧ ಗಂಟೆ, ಬಿದಿರು ಮೆಳೆಯ ನೆರಳಲ್ಲಿ ಕಾಟಿ ನಿಂತಿದೆ ಎನ್ನಿ. ಎಫ್/6.3ರಲ್ಲಿ 1/500 ಸೆಕೆಂಡ್ ಇಟ್ಟರೆ ಐಎಸ್ಒ, ಅಂದರೆ ಬೆಳಕಿಗೆ ಸ್ಪಂದಿಸುವ ವೇಗದ ಸಂಖ್ಯೆ, ಏಳೆಂಟು ಸಾವಿರಕ್ಕೆ ಏರುತ್ತದೆ. ಎಫ್/4 ಇದ್ದಿದ್ದರೆ ಮೂರು ಸಾವಿರದಲ್ಲಿ ಮುಗಿಯುತ್ತಿತ್ತು. ಇಲ್ಲಿ ದುಬಾರಿ ಲೆನ್ಸ್ ನಿಜವಾಗಿಯೂ ಮೇಲು. ಆದರೂ ಎರಡು ಮಾತು. ನಿಂತ ಕಾಟಿಗೆ 1/500 ಬೇಕಿಲ್ಲ. ಈಗಿನ ಲೆನ್ಸುಗಳ ನಡುಕ ತಡೆಯುವ ವ್ಯವಸ್ಥೆಯನ್ನು ನಂಬಿ, ಜೀಪಿನ ಎಂಜಿನ್ ಆರಿಸಲು ಹೇಳಿ, ರಾಗಿಯನ್ನೋ ಅಕ್ಕಿಯನ್ನೋ ತುಂಬಿದ ಚೀಲದ ಮೇಲೆ ಲೆನ್ಸ್ ಊರಿದರೆ 1/125ರಲ್ಲಿ ಚೊಕ್ಕ ಚಿತ್ರ ಬರುತ್ತದೆ, ಐಎಸ್ಒ ಎರಡು ಸಾವಿರದ ಹತ್ತಿರ ನಿಲ್ಲುತ್ತದೆ. ಓಡುವ ಸೀಳುನಾಯಿಗೆ ಈ ಮಾತು ನಡೆಯದು, ಒಪ್ಪುತ್ತೇನೆ. ಎರಡನೆಯದು, ಚಿತ್ರದ ಕಾಳುಕಾಳನ್ನು ತೆಗೆಯುವ ಹೊಸ ತಂತ್ರಾಂಶಗಳು. 2023ರಲ್ಲಿ ಲೈಟ್‌ರೂಮಿನಲ್ಲೇ ಇಂಥ ಸೌಲಭ್ಯ ಬಂದ ಮೇಲೆ, ಹಿಂದೆ ಅಳಿಸಿಹಾಕುತ್ತಿದ್ದ 6400 ಐಎಸ್ಒ ಚಿತ್ರಗಳು ಈಗ ಗೋಡೆಗೆ ತೂಗುಹಾಕುವಷ್ಟು ಚೆನ್ನಾಗಿ ಬರುತ್ತಿವೆ. ಇದು ಅಗ್ಗದ ಲೆನ್ಸಿನವರಿಗೆ ಸಿಕ್ಕ ದೊಡ್ಡ ಬಲ.

ಹಿಂದಿನವರ ಕೈಯಲ್ಲಿ ಏನಿತ್ತು ಎಂಬುದನ್ನು ನೆನೆದರೆ ಈ ಕೊರಗು ಇನ್ನೂ ಸಣ್ಣದಾಗುತ್ತದೆ. ವನ್ಯಜೀವಿ ಛಾಯಾಗ್ರಹಣಕ್ಕೆ ಕರ್ನಾಟಕ ಭಾರತದಲ್ಲೇ ಹೆಸರಾದ ನಾಡು. ಒ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿ, ಇವರೆಲ್ಲ ಫಿಲ್ಮಿನ ಕಾಲದವರು. ಆಗಿನ ಹೆಸರಾಂತ ಬಣ್ಣದ ಫಿಲ್ಮು ಕೊಡಾಕ್ರೋಮ್ 64. ಅದರ ಹೆಸರಿನಲ್ಲೇ ಅದರ ವೇಗ ಇದೆ. ಇಂದು ನಾವು ಅಳುಕದೆ ಬಳಸುವ 6400 ಅದರ ನೂರು ಪಟ್ಟು. ಆಚೆ ಮದರಾಸಿನ ಎಂ. ಕೃಷ್ಣನ್ ಬೇರೆ ಬೇರೆ ಕ್ಯಾಮೆರಾ, ಲೆನ್ಸುಗಳ ಭಾಗಗಳನ್ನು ತಾವೇ ಜೋಡಿಸಿಕೊಂಡು, ಕಪ್ಪುಬಿಳುಪಿನಲ್ಲಿ ಆನೆಗಳ ಬದುಕನ್ನು ದಾಖಲಿಸಿದರು. ನೂರು ಪಟ್ಟಿನ ವರ ಕೈಯಲ್ಲಿರುವಾಗ ಎರಡೂವರೆ ಪಟ್ಟಿನ ಕೊರತೆಗೆ ಕ್ಯಾಮೆರಾವನ್ನೇ ಮೂಲೆಗಿಡುವುದು ಸರಿಯಲ್ಲ. ಆ ತಲೆಮಾರಿನವರು ಕೊರತೆಯನ್ನು ತುಂಬಿಕೊಂಡದ್ದು ಕಾಯುವುದರಿಂದ, ಪ್ರಾಣಿಯ ದಿನಚರಿ ಕಲಿಯುವುದರಿಂದ, ಹತ್ತಿರವಾಗುವುದರಿಂದ. ದೂರ ಅರ್ಧವಾದರೆ ಲೆನ್ಸಿನ ಉದ್ದ ಇಮ್ಮಡಿಯಾದಂತೆ. ಇಪ್ಪತ್ತು ಮೀಟರಿನಿಂದ 600ರಲ್ಲಿ ಕಾಣುವ ಮಿಂಚುಳ್ಳಿ ಹತ್ತು ಮೀಟರಿನಿಂದ 300ರಲ್ಲಿ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಇಲ್ಲೇ ಒಂದು ಗಂಭೀರ ಆಕ್ಷೇಪ ಏಳುತ್ತದೆ, ಅದನ್ನು ದಾಟಿ ಹೋಗಬಾರದು. ಹತ್ತಿರ ಹೋಗಿ ಎಂದು ಹೇಳುವುದು ಪ್ರಾಣಿಗೆ ಕೇಡು, ಉದ್ದದ ಲೆನ್ಸ್ ಇದ್ದರೆ ದೂರದಲ್ಲೇ ನಿಲ್ಲಬಹುದು, ಹಾಗಾಗಿ ಉದ್ದದ ಲೆನ್ಸೇ ನೀತಿಯ ಲೆನ್ಸ್ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಭದ್ರಾ ಜಲಾಶಯದಲ್ಲಿ ಬೇಸಿಗೆಗೆ ನೀರು ಇಳಿದಾಗ ಮೇಲೇಳುವ ದಿಬ್ಬಗಳ ಮೇಲೆ ನದಿ ರೀವ ಹಕ್ಕಿಗಳು ಬರಿನೆಲದಲ್ಲೇ ಮೊಟ್ಟೆ ಇಡುತ್ತವೆ. ದೋಣಿ ಅತಿ ಹತ್ತಿರ ಹೋದರೆ ತಾಯಿ ಹಾರುತ್ತದೆ. ಮೊಟ್ಟೆ ಸುಡುಬಿಸಿಲಿಗೆ ಬೀಳುತ್ತದೆ, ಮೇಲೆ ಕಾಗೆ ಹದ್ದುಗಳ ಕಣ್ಣು. ಅಲ್ಲಿ ನೂರು ಹೆಜ್ಜೆ ದೂರ ನಿಲ್ಲುವುದು ಕರ್ತವ್ಯ. ಕೈಯಲ್ಲಿ 300 ಇದ್ದರೆ, ಹಕ್ಕಿ ಸಣ್ಣದಾಗಿ, ದಿಬ್ಬ ಮತ್ತು ನೀರು ವಿಶಾಲವಾಗಿ ಬರುವ ಚಿತ್ರಕ್ಕೆ ಒಪ್ಪಿಕೊಳ್ಳಬೇಕು. ಗೂಡಿನ ಬಳಿ ಮರೆ ಕಟ್ಟಿ ಕೂರುವ ಹಳೆಯ ಪದ್ಧತಿಯನ್ನು ಇಂದು ಬಲ್ಲವರು ಬಿಟ್ಟಿದ್ದಾರೆ, ಹಲವು ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಗಳಿಗೆ ಪ್ರವೇಶವೇ ಇಲ್ಲ. ಅದು ಸರಿಯಾದ ನಿಲುವು.

ಆದರೆ ಉದ್ದದ ಲೆನ್ಸ್ ತಾನಾಗಿ ಯಾರನ್ನೂ ದೂರ ನಿಲ್ಲಿಸುವುದಿಲ್ಲ. ಹುಲಿ ಕಂಡಾಗ ಜೀಪುಗಳು ಒಂದಕ್ಕೊಂದು ಒತ್ತಿ ನಿಲ್ಲುವುದನ್ನು ನೋಡಿದವರಿಗೆ ಇದು ಗೊತ್ತು. ಅಲ್ಲಿ ಮುಂದಕ್ಕೆ ತೆಗೆದುಕೊ ಎಂದು ಡ್ರೈವರನ್ನು ಅವಸರಿಸುವವರ ಕೈಯಲ್ಲಿ ದೊಡ್ಡ ಲೆನ್ಸುಗಳೇ ಇರುತ್ತವೆ. 600 ಸಿಕ್ಕವರು ಪೂರ್ತಿ ಪ್ರಾಣಿಯನ್ನು ಬಿಟ್ಟು ಮುಖವನ್ನು, ಮುಖ ಬಿಟ್ಟು ಕಣ್ಣನ್ನು ಬಯಸುತ್ತಾರೆ. ನಾನು ಹೇಳುವ ಹತ್ತಿರ ಬೇರೆ ಬಗೆಯದು. ಅದನ್ನು ತೀರ್ಮಾನಿಸುವುದು ಪ್ರಾಣಿ. ಕೆರೆಯಂಚಿನಲ್ಲಿ ಬೆಳಕು ಹರಿಯುವ ಮೊದಲೇ ಹೋಗಿ ಅಲುಗದೆ ಕೂತರೆ ನೀರುಕೋಳಿ, ಉಲ್ಲಂಕಿಗಳು ಮೇಯುತ್ತ ತಾವೇ ಹತ್ತಿರಕ್ಕೆ ಬರುತ್ತವೆ. ಎದ್ದು ನಡೆದು ಹೋದರೆ ಅದೇ ಹಕ್ಕಿ ಐವತ್ತು ಮೀಟರಿನಲ್ಲೇ ಹಾರುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಮನೆಗಳ ಪಕ್ಕದ ಹುಣಿಸೆ ಮರಗಳಲ್ಲೇ ಸಂಸಾರ ಹೂಡುತ್ತವೆ. ಊರಿನವರು ತಲೆತಲಾಂತರದಿಂದ ಅವನ್ನು ಕಾಪಾಡಿಕೊಂಡು ಬಂದದ್ದರಿಂದ ಅವಕ್ಕೆ ಮನುಷ್ಯರ ಭಯವಿಲ್ಲ. ಬೀದಿಯಲ್ಲಿ ನಿಂತು 200 ಎಂ.ಎಂ.ನಲ್ಲಿ ಹಾರಿ ಬಂದಿಳಿಯುವ ಹೆಜ್ಜಾರ್ಲೆಯನ್ನು ರೆಕ್ಕೆಯ ತುದಿಯಿಂದ ತುದಿಯವರೆಗೆ ತೆಗೆಯಬಹುದು. 600 ತಂದವರು ಅಲ್ಲಿ ಹಿಂದಕ್ಕೆ ಸರಿಯಲು ಜಾಗ ಹುಡುಕುತ್ತಾರೆ.

ಜಾಗ ನೋಡಿ ಲೆನ್ಸ್ ಕೊಳ್ಳಿ ಎಂದದ್ದು ಇದಕ್ಕೇ. ರಂಗನತಿಟ್ಟಿನ ದೋಣಿಯಲ್ಲಿ ಕೂತು ನೋಡಿ. ಅಂಬಿಗ ಹುಟ್ಟು ಎತ್ತಿ ದೋಣಿಯನ್ನು ನಿಲ್ಲಿಸಿದಾಗ ಬಂಡೆಯ ಮೇಲಿನ ಮೊಸಳೆ ಕೆಲವೇ ಮೀಟರು ದೂರ. ಕ್ಯಾನನ್ ಕಂಪನಿ 2020ರಲ್ಲಿ ತಂದ 800 ಎಫ್/11 ಲೆನ್ಸ್ ಆರು ಮೀಟರಿಗಿಂತ ಹತ್ತಿರದ್ದನ್ನು ಫೋಕಸ್ಸೇ ಮಾಡುವುದಿಲ್ಲ. ಮೇಲೆ ದೋಣಿಯ ತೂಗಾಟ. ಅಲ್ಲಿ 70-300 ಅಥವಾ 100-400 ರಾಜನಂತೆ ಕೆಲಸ ಮಾಡುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿನದು ಬೇರೆಯೇ ಕತೆ. ಕೃಷ್ಣಮೃಗ ನೂರು ಮೀಟರಿನಾಚೆ ನಿಲ್ಲುತ್ತದೆ. ಭುಜದ ಎತ್ತರ ಸುಮಾರು 80 ಸೆಂಟಿಮೀಟರು. 600ರಲ್ಲಿ ಅದು ಫುಲ್‌ಫ್ರೇಮ್ ಸೆನ್ಸರಿನ ಮೇಲೆ 4.8 ಮಿ.ಮೀ. ಎತ್ತರಕ್ಕೆ ಬರುತ್ತದೆ, ಅಂದರೆ ಚೌಕಟ್ಟಿನ ಐದನೇ ಒಂದು ಪಾಲು. 300ರಲ್ಲಿ ಹತ್ತನೇ ಒಂದು. ಇಲ್ಲಿ ಉದ್ದ ಬೇಕು, ಬಾಯಗಲವೂ ಬೇಕು. ಆದರೆ ಬಿಸಿಲೇರಿ ನೆಲ ಕಾದ ಮೇಲೆ ಎಷ್ಟು ದೊಡ್ಡ ಲೆನ್ಸಿದ್ದರೂ ಅಷ್ಟೆ. ಗಾಳಿ ಕುದಿಯುತ್ತಿರುತ್ತದೆ, ಜಿಂಕೆಯ ಕಾಲು ನೀರಿನಲ್ಲಿ ಅದ್ದಿದಂತೆ ಅಲುಗುತ್ತದೆ, ಫೋಕಸ್ ಎಲ್ಲೂ ಕೂರುವುದಿಲ್ಲ. ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಿಂದ ಮಧ್ಯಾಹ್ನದ ಬಂಡೆಗಳಾಚೆ ಕರಡಿಯ ಚಿತ್ರ ತೆಗೆಯಲು ಹೋದವರು ಚಿತ್ರ ಮಸುಕಾದದ್ದಕ್ಕೆ ಲೆನ್ಸನ್ನು ದೂರುತ್ತಾರೆ, ಹಲವು ಸಲ ತಪ್ಪು ಕಾದ ಗಾಳಿಯದು. ಹೊಸ ಲೆನ್ಸಿಗೆ ದುಡ್ಡು ಹಾಕುವ ಮುಂಚೆ ಎರಡು ಗಂಟೆ ಬೇಗ ಎದ್ದು ನೋಡಬೇಕು.

ಇನ್ನು ತೂಕ. 150-600 ವರ್ಗದ ಲೆನ್ಸುಗಳು ಎರಡು ಕಿಲೋ ಆಸುಪಾಸು: ಸಿಗ್ಮಾ ಕಂಟೆಂಪೊರರಿ 1.93, ಸೋನಿ 2.1, ನಿಕಾನ್ 200-500 ಇನ್ನೂ ಹೆಚ್ಚು, 2.3. ಕ್ಯಾಮೆರಾ ಸೇರಿದರೆ ಮೂರು ಕಿಲೋ. ಜೀಪಿನಲ್ಲಿ ಇದು ತಿಳಿಯುವುದಿಲ್ಲ. ಕೆರೆ ಸುತ್ತ ನಾಲ್ಕು ಕಿಲೋಮೀಟರು ನಡೆದಾಗ, ತಲೆಯ ಮೇಲೆ ಹಾರುವ ಗರುಡನನ್ನು ಹಿಡಿಯಲು ಹತ್ತು ಸಲ ಎತ್ತಿ ಇಳಿಸಿದಾಗ ಹೆಗಲಿಗೆ ತಿಳಿಯುತ್ತದೆ. ಮನೆಯಿಂದ ಹೊರಡುವಾಗ ಇವತ್ತು ಬೇಡ ಎಂದು ಲೆನ್ಸನ್ನು ಬೀರುವಿನಲ್ಲೇ ಬಿಟ್ಟು ಹೋಗುವ ದಿನಗಳು ಹೆಚ್ಚಾದರೆ ಅದಕ್ಕೆ ಸುರಿದ ಲಕ್ಷ ವ್ಯರ್ಥ. ವಯಸ್ಸಾದವರಿಗೆ, ಬೆನ್ನು ನೋವಿನವರಿಗೆ, ಕಾಲ್ನಡಿಗೆಯಲ್ಲೇ ಹಕ್ಕಿ ನೋಡುವವರಿಗೆ ಕ್ಯಾನನ್ 100-400 ಎಫ್/5.6-8ನಂಥ 635 ಗ್ರಾಮಿನ ಲೆನ್ಸ್ ವರವೇ ಸರಿ, ಬಾಯಗಲ 50 ಮಿ.ಮೀ. ಅಷ್ಟೇ ಇದ್ದರೂ.

ಈಗ ನನ್ನ ತೀರ್ಮಾನವನ್ನು ಬಿಡಿಸಿ ಹೇಳುತ್ತೇನೆ. ಕಿಟ್ಟಿನ ಜೊತೆ ಬಂದದ್ದೋ, ಹಳೆಯದಾಗಿ ಕೊಂಡದ್ದೋ ಒಂದು 70-300 ಎಫ್/5.6 ಲೆನ್ಸ್ ಅನೇಕರ ಬಳಿ ಇರುತ್ತದೆ. ಅದರ ಬಾಯಗಲ 54 ಮಿ.ಮೀ. ಅದನ್ನು ಬಿಟ್ಟು 100-400 ಎಫ್/8ಕ್ಕೆ ಹೋದರೆ 50ಕ್ಕೆ ಇಳಿಯುತ್ತೀರಿ. 600 ಎಫ್/11ಕ್ಕೆ ಹೋದರೆ 55. ಉದ್ದ ಎರಡು ಪಟ್ಟಾಯಿತು, ಆದರೆ ಹಕ್ಕಿಯಿಂದ ಬಂದ ಬೆಳಕು ಇದ್ದಷ್ಟೇ. ಸಣ್ಣ ಸೆನ್ಸರಿನ, 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 300ರ ಚಿತ್ರವನ್ನು ಕತ್ತರಿಸಿಕೊಂಡರೆ ಸಿಗುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿರದು. ಹಾಗಾಗಿ ತೂಕ ಇಳಿಸುವುದೇ ಗುರಿಯಲ್ಲದಿದ್ದರೆ ಈ ನಡುವಿನ ಮೆಟ್ಟಿಲುಗಳಿಗೆ ದುಡ್ಡು ಹಾಕಬೇಡಿ. 54ರಲ್ಲೇ ನಿಂತು, ಅದನ್ನು ಪೂರ್ತಿ ದುಡಿಸಿಕೊಂಡು, ಉಳಿತಾಯ ಕೂಡಿದಾಗ ನೇರವಾಗಿ 90ರ ಮೇಲಿನದಕ್ಕೆ ಹೋಗಿ. ಬೆಳಕು ಸುಮಾರು ಮೂರು ಪಟ್ಟಾಗುತ್ತದೆ. ಆ ಏರಿಕೆ ಕಣ್ಣಿಗೆ ಕಾಣುವಂಥದ್ದು. ಮಧ್ಯದಲ್ಲಿ ಒಂದೇ ಒಂದು ನಿಲ್ದಾಣ ಒಪ್ಪಬಹುದು: ಸೆಕೆಂಡ್‌ಹ್ಯಾಂಡಿನ 300 ಎಫ್/4 ಅಥವಾ 400 ಎಫ್/5.6. ಕ್ಯಾನನ್ನಿನ 400 ಎಫ್/5.6 1993ರಲ್ಲಿ ಬಂದದ್ದು, ನಡುಕ ತಡೆಯುವ ವ್ಯವಸ್ಥೆ ಅದರಲ್ಲಿಲ್ಲ, ಆದರೆ ತೂಕ 1.25 ಕಿಲೋ, ಹಾರುವ ಹಕ್ಕಿಗೆ ಇಂದಿಗೂ ಚುರುಕು. ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಜನ ವಾಲಿದ್ದರಿಂದ ಇಂಥ ಹಳೆಯ ಒಳ್ಳೆಯ ಗಾಜು ಸೆಕೆಂಡ್‌ಹ್ಯಾಂಡ್ ಪೇಟೆಗೆ ಹೆಚ್ಚಾಗಿ ಬರುತ್ತಿದೆ. ಅಡಾಪ್ಟರ್ ಹಾಕಿದರೆ ಅದೇ ಕಂಪನಿಯ ಹೊಸ ಕ್ಯಾಮೆರಾಗಳಲ್ಲೂ ಸಾಮಾನ್ಯವಾಗಿ ನಡೆಯುತ್ತದೆ, ಆಟೋಫೋಕಸ್ ಸಮೇತ ನಡೆಯುವುದೇ ಎಂದು ಮಾತ್ರ ಮೊದಲೇ ಖಚಿತ ಮಾಡಿಕೊಳ್ಳಬೇಕು.

ಟೆಲಿಕನ್ವರ್ಟರ್ ಹಾಕಿ ಉದ್ದ ಹೆಚ್ಚಿಸಿಕೊಳ್ಳುವ ಯೋಚನೆಗೂ ಇದೇ ಅಳತೆಗೋಲು. 1.4 ಪಟ್ಟಿನದು ಹಾಕಿದರೆ ಎಫ್/6.3 ಎಫ್/9 ಆಗುತ್ತದೆ, ಬಾಯಗಲ ಒಂದು ಕೂದಲೆಳೆಯೂ ಹೆಚ್ಚುವುದಿಲ್ಲ, ಹಳೆಯ ಡಿಎಸ್ಎಲ್ಆರ್‌ಗಳಲ್ಲಿ ಫೋಕಸ್ ತಡಕಾಡುತ್ತದೆ. ಅಗ್ಗದ 500 ಎಫ್/8 ಮಿರರ್ ಲೆನ್ಸುಗಳಲ್ಲಿ ಹಿಂಬದಿಯ ಪ್ರತಿ ಚುಕ್ಕೆಯೂ ಬಳೆಯಾಗಿ ಕಾಣುತ್ತದೆ, ಬಹುತೇಕ ಎಲ್ಲವನ್ನೂ ಕೈಯಲ್ಲೇ ಫೋಕಸ್ ಮಾಡಬೇಕು. ಇವೆರಡನ್ನೂ ಮೊದಲ ಲೆನ್ಸಾಗಿ ನಾನು ಯಾರಿಗೂ ಹೇಳುವುದಿಲ್ಲ.

ಸೆಕೆಂಡ್‌ಹ್ಯಾಂಡ್ ಎಂದಾಗ ನಮ್ಮ ಹವೆಯಲ್ಲಿ ಮೊದಲ ಶತ್ರು ಬೂಷ್ಟು. ಮಲೆನಾಡು, ಕರಾವಳಿಯ ಒಂದು ಮಳೆಗಾಲ ಸಾಕು. ಮುಂದಿನ, ಹಿಂದಿನ ಮುಚ್ಚಳ ತೆಗೆದು, ಎಫ್ ಸಂಖ್ಯೆಯ ತೆರಪನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಬೇಕು. ನೇರ ನೋಡಿದರೆ ಗಾಜು ತಿಳಿಯಾಗಿಯೇ ಕಾಣುತ್ತದೆ. ಲೆನ್ಸನ್ನು ಸ್ವಲ್ಪ ವಾಲಿಸಿದಾಗ ಅಂಚಿನಿಂದ ಒಳಕ್ಕೆ ಹರಿದ ಬೇರಿನಂಥ ಬಿಳಿ ಎಳೆಗಳು ತಟ್ಟನೆ ಹೊಳೆಯುತ್ತವೆ. ಧೂಳಿನ ಕಣ ಎರಡಿದ್ದರೆ ತೊಂದರೆಯಿಲ್ಲ, ಎಳೆ ಒಂದಿದ್ದರೂ ಬೇಡ. ಆಮೇಲೆ ಜೂಮನ್ನು ತುದಿಗೆ ತಿರುಗಿಸಿ, ತೆರಪು ಪೂರ್ತಿ ತೆರೆದು, ಎದುರಿನ ಕಟ್ಟಡದ ಬೋರ್ಡಿನ ಸಣ್ಣ ಅಕ್ಷರಗಳನ್ನು ತೆಗೆದು, ಎಡ ಬಲ ಮೂಲೆಗಳು ಸಮನಾಗಿ ಚೊಕ್ಕವಾಗಿವೆಯೇ ಎಂದು ದೊಡ್ಡದು ಮಾಡಿ ನೋಡಬೇಕು. ಒಂದು ಬದಿ ಮಾತ್ರ ಮಸುಕಾದರೆ ಲೆನ್ಸ್ ಎಲ್ಲೋ ಬಿದ್ದಿರಬಹುದು. ಕೊಳ್ಳುವ ಮೊದಲು ಬಾಡಿಗೆಗೆ ತಂದು ಒಂದು ಶನಿವಾರ, ಭಾನುವಾರ ನಿಮ್ಮದೇ ಕೆರೆಗೆ ಒಯ್ಯುವುದು ಎಲ್ಲಕ್ಕಿಂತ ಒಳ್ಳೆಯದು. ಬೆಂಗಳೂರಿನಲ್ಲಿ ಇದಕ್ಕೆ ಅನುಕೂಲವಿದೆ. ಕೊಂಡ ಮೇಲೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಸಾಕು, ಅನುಕೂಲವಿದ್ದರೆ ತೇವಾಂಶವನ್ನು ನೂರಕ್ಕೆ 40ರಿಂದ 50ರಲ್ಲಿ ಹಿಡಿದಿಡುವ ಡ್ರೈ ಕ್ಯಾಬಿನೆಟ್ಟು.

ಅಗ್ಗದ ಲೆನ್ಸಿನ ಬಗ್ಗೆ ಇಷ್ಟು ವಾದಿಸಲು ಇನ್ನೊಂದು ಕಾರಣವಿದೆ. ಕಾಡಿನ ಚಿತ್ರ ಯಾರ ಕೈಯಿಂದ ಬರುತ್ತದೆ ಎಂಬುದು ದುಡ್ಡಿನಿಂದಲೇ ತೀರ್ಮಾನವಾಗುತ್ತಿದೆ. ಹತ್ತು ಲಕ್ಷದ ಲೆನ್ಸಿನವರು ವರ್ಷಕ್ಕೆ ನಾಲ್ಕು ಸಲ ಕಬಿನಿಗೆ ಬಂದು ಹುಲಿ, ಕರಿಚಿರತೆಗಳನ್ನು ತೆಗೆದು ಹೋಗುತ್ತಾರೆ. ಕಾಡಂಚಿನ ಊರಿನ ಶಾಲಾ ಮೇಷ್ಟ್ರು, ಅರಣ್ಯ ಇಲಾಖೆಯ ವಾಚರ್, ಸಫಾರಿ ಡ್ರೈವರ್ ವರ್ಷವಿಡೀ ಅಲ್ಲೇ ಇರುತ್ತಾರೆ. ಯಾವ ಕೆರೆಗೆ ಪಟ್ಟೆತಲೆ ಹೆಬ್ಬಾತು ಯಾವ ವಾರ ಇಳಿಯಿತು, ಎಸ್ಟೇಟಿನ ಬೇಲಿ ದಾಟುವ ಚಿರತೆ ಹೋದ ವರ್ಷದ್ದೇ ಹೌದೇ ಎಂಬುದನ್ನು ದಾಖಲಿಸಬಲ್ಲವರು ಅವರು. ಚಿರತೆಯ ಮೈಮೇಲಿನ ಹೂಮಚ್ಚೆಗಳು ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ಹುಲಿಯ ಪಟ್ಟೆಗಳೂ ಹಾಗೆಯೇ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿಗಳನ್ನು ಎಣಿಸಿದ್ದು ಈ ಆಧಾರದ ಮೇಲೇ. ಒಂದು ಪಕ್ಕದ ಪಟ್ಟೆ ಅಥವಾ ಮಚ್ಚೆ ಸ್ಪಷ್ಟವಾಗಿ ಬಿದ್ದ ಒಂದು ಚಿತ್ರ, ದಿನಾಂಕ, ಜಾಗ, ಇಷ್ಟಿದ್ದರೆ ಅದು ಬೆಣ್ಣೆಯಂಥ ಹಿಂಬದಿಯ ನೂರು ಚಿತ್ರಗಳಿಗಿಂತ ಕಾಡಿಗೆ ಹೆಚ್ಚು ಉಪಯೋಗ. ಅದಕ್ಕೆ 54 ಮಿ.ಮೀ. ಬಾಯಗಲ ಧಾರಾಳವಾಗಿ ಸಾಕು.

ಇಂಥ 70-300 ಲೆನ್ಸುಗಳು ದೊಡ್ಡದಕ್ಕೆ ಏರಿದವರ ಮನೆಗಳ ಬೀರುಗಳಲ್ಲಿ ಸುಮ್ಮನೆ ಬಿದ್ದಿವೆ. ಮಾರಲು ಹೋದರೆ ಅವಕ್ಕೆ ಹೆಚ್ಚು ಬೆಲೆ ಹುಟ್ಟುವುದಿಲ್ಲ. ಮುಂದಿನ ಸಲ ಕಾಡಿಗೆ ಹೊರಡುವಾಗ ಅದನ್ನೂ, ಅದಕ್ಕೆ ಹೊಂದುವ ಹಳೆಯ ಕ್ಯಾಮೆರಾವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ, ನಮಗೆ ದಾರಿ ತೋರಿಸಿದ ಡ್ರೈವರಿಗೋ ಅಲ್ಲಿನ ಶಾಲೆಗೋ ಕೊಟ್ಟು, ಒಂದು ಬೆಳಿಗ್ಗೆ ಜೊತೆಯಲ್ಲಿ ಕೂತು ಬಳಸುವುದನ್ನು ಹೇಳಿಕೊಟ್ಟು ಬರಬಹುದು.